ಹಳೇದಾ ಅಂತ ಆಮೇಲೆ ಕೇಳಿ, ಮೊದಲು ಕಲ್ಲು ನೋಡಿ

ನಮಸ್ಕಾರ. ಇವತ್ತು ಸ್ವಲ್ಪ ಸಿಟ್ಟಿನಲ್ಲಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ.

ಹೋದ ಸಂಚಿಕೆಯಲ್ಲಿ ಇಂಗ್ಲೆಂಡಿನ ಸರ್ರೆ ಸೀಮೆಯ ಸ್ಟೋಕ್ ಡಾಬರ್ನನ್ ಊರಿನ ಸೇಂಟ್ ಮೇರಿ ಚರ್ಚಿನ ಒಂದು ಗೋರಿಕಲ್ಲು ತೋರಿಸಿದ್ದೆ. ಸರ್ ಜಾನ್ ಡಾಬರ್ನನ್ ಎಂಬ ನೈಟ್‌ನದ್ದು, ಅಂದರೆ ಆಗಿನ ಕುದುರೆ ಯೋಧನದ್ದು. ಕಲ್ಲಿನಲ್ಲಿ ಹಿತ್ತಾಳೆ ತಗಡಿನಲ್ಲಿ ಕೊರೆದ ಅವನ ಚಿತ್ರ ಕೂರಿಸಿದ್ದಾರೆ. ಕೆಳಗೆ ಒಬ್ಬ ಪುಣ್ಯಾತ್ಮರ ಕಾಮೆಂಟು: "ಅದು 1277ರದ್ದಲ್ಲವಂತೆ. ಅತಿ ಹಳೆಯದೂ ಅಲ್ಲವಂತೆ. ಮತ್ತೆ ಯಾಕೆ ನೋಡಬೇಕು?" ಅದಕ್ಕೆ ನಲವತ್ತು ಲೈಕು ಬೇರೆ!

ಅಲ್ಲಾ ಸ್ವಾಮಿ, ಹಳೆಯದು ಅನ್ನೋದು ಬಿಟ್ಟು ಬೇರೇನೂ ಕಾಣಲೇ ಇಲ್ವಾ ನಿಮಗೆ?

ಗೊತ್ತಿಲ್ಲದವರಿಗೆ ವಿಷಯ ಇಷ್ಟು. ಅಪ್ಪನ ಹೆಸರು ಜಾನ್, ಮಗನ ಹೆಸರೂ ಜಾನ್. ಅಪ್ಪ ಸತ್ತದ್ದು 1277ರ ಸುಮಾರಿಗೆ, ಮಗ 1327ರಲ್ಲಿ. ಕಲ್ಲಿನ ಮೇಲೆ ಹೆಸರಿದೆ, ಇಸವಿ ಇಲ್ಲ. ಬಹಳ ಕಾಲ ಇದು ಅಪ್ಪನದ್ದೇ ಎಂದು ನಂಬಿ, ಇಂಗ್ಲೆಂಡಿನ ಅತಿ ಹಳೆಯ ಹಿತ್ತಾಳೆ ಗೋರಿಚಿತ್ರ ಅಂತ ಪಟ್ಟ ಕಟ್ಟಿದರು. ಆಮೇಲೆ ವಿದ್ವಾಂಸರು ಕವಚದ ರೀತಿ, ಅಕ್ಷರದ ಆಕಾರ, ಲಂಡನ್ ಕುಶಲಕರ್ಮಿಗಳ ಕೈಚಳಕ ಎಲ್ಲಾ ಹೋಲಿಸಿ ನೋಡಿದರು. ಇದು 1320ರ ದಶಕದ್ದು, ಮಗನದ್ದು ಎಂದರು. ಐವತ್ತು ವರ್ಷ ಈಚೆಗೆ ಬಂತು, ಅಷ್ಟೇ. ಕಲ್ಲೇನು ಎದ್ದು ಹೋಯಿತಾ?

ಅದರಲ್ಲಿ ಏನಿದೆ ನೋಡಿ. ಆಳೆತ್ತರದ ಹಿತ್ತಾಳೆ ಮನುಷ್ಯ. ತಲೆಯಿಂದ ಕಾಲಿನವರೆಗೆ ಉಂಗುರ ಹೆಣೆದ ಕವಚ, ಒಂದೊಂದು ಉಂಗುರವನ್ನೂ ಕೊರೆದಿದ್ದಾರೆ. ಗುರಾಣಿಯಲ್ಲಿ ನೀಲಿ ಎನಾಮೆಲ್, ಅಂದರೆ ಗಾಜಿನಂಥ ಬಣ್ಣದ ಲೇಪ. ಕಾಲ ಬಳಿ ಒಂದು ಪುಟ್ಟ ಸಿಂಹ, ಅವನ ಈಟಿಯ ಕೋಲನ್ನೇ ಕಚ್ಚಿಕೊಂಡಿದೆ! ಆ ಸಿಂಹಕ್ಕಾಗಿಯಾದರೂ ಒಂದು ಲೈಕ್ ಒತ್ತಿ. ಅಂಚಿನ ಸುತ್ತ ಅಕ್ಷರಗಳು, ಒಂದೊಂದನ್ನೂ ಬೇರೆಬೇರೆಯಾಗಿ ಕೂರಿಸಿದ್ದು. ಭಾಷೆ ಆಗಿನ ಇಂಗ್ಲೆಂಡಿನ ದೊರೆಮಕ್ಕಳ ಫ್ರೆಂಚ್. ಸರ್ ಜಾನ್ ಡಾಬರ್ನನ್ ಇಲ್ಲಿ ಮಲಗಿದ್ದಾನೆ, ದೇವರು ಅವನ ಆತ್ಮಕ್ಕೆ ಕರುಣೆ ತೋರಲಿ ಅಂತ. ಅಷ್ಟು ಕವಚ ತೊಟ್ಟವನು ಕೇಳಿದ್ದು ಕರುಣೆ. ಇದನ್ನು ಓದಿ "ಹಳೇದಲ್ವಲ್ಲ" ಅಂತೀರಲ್ಲ!

"ಇತಿಹಾಸದಲ್ಲಿ ಕಾಲನಿರ್ಣಯ ಮುಖ್ಯ ಅಲ್ವಾ ಸಾರ್?" ಅಂತ ಇನ್ನೊಬ್ಬರು. ಮುಖ್ಯವೇ. ಹೋಟೆಲಿಗೆ ಹೋದರೆ ಬೋರ್ಡಿನ ಮೇಲಿರೋ ಸ್ಥಾಪನೆಯ ಇಸವಿ ಓದಿ, ದೋಸೆ ತಿನ್ನದೇ ವಾಪಸ್ ಬರ್ತೀರಾ?

ನಾವೇನು ಕಮ್ಮಿಯಿಲ್ಲ ಬಿಡಿ. ತಾಳಗುಂದದ ಶಾಸನ ಕ್ರಿ.ಶ. 370ರದ್ದು, ಕನ್ನಡದ ಮೊದಲ ಶಾಸನ ಎನಿಸಿಕೊಂಡಿದ್ದ ಹಲ್ಮಿಡಿಗಿಂತ ಹಳೆಯದು ಅಂತ ಸುದ್ದಿ ಬಂದಾಗ ಹೇಗಾಡಿದೆವು? ಹಲ್ಮಿಡಿ ಏನೋ ಮ್ಯಾಚ್ ಸೋತ ಹಾಗೆ! ಹಲ್ಮಿಡಿ ಕಲ್ಲಿನಲ್ಲಿ ಯುದ್ಧ ಮಾಡಿದ ವಿಜ ಅರಸನಿಗೆ ಊರು ಬಿಟ್ಟುಕೊಟ್ಟ ವಿಷಯ ಇದೆ. ಅದನ್ನು ಕೇಳಿದವರು ಯಾರು? ಹಳೆಯದಾ, ಎಷ್ಟು ಹಳೆಯದು, ನಮ್ಮದೇ ಹಳೆಯದಾ. ಮುಗೀತು.

ಅಷ್ಟು ಹಳೆಯದೇ ಬೇಕಾ? ತಗೊಳ್ಳಿ. ಸರ್ ಜಾನ್ ಗೋರಿಯ ಕಲ್ಲಿನ ಹೆಸರು ಪರ್ಬೆಕ್ ಮಾರ್ಬಲ್. ಹೆಸರಿಗೆ ಮಾತ್ರ ಮಾರ್ಬಲ್, ನಿಜಕ್ಕೂ ಇಂಗ್ಲೆಂಡಿನ ಡಾರ್ಸೆಟ್ ಕಡೆಯ ಸುಣ್ಣದಕಲ್ಲು. ಒಳಗೆಲ್ಲಾ ಬಸವನಹುಳುವಿನ ಚಿಪ್ಪು, ಡೈನೋಸಾರ್ ಕಾಲದ್ದು. ಸರ್ ಜಾನ್‌ನನ್ನು ಬಿಟ್ಟುಬಿಡಿ, ಹೋಗಿ ಬಸವನಹುಳುವಿಗೆ ಕೈಮುಗೀರಿ!

ಇನ್ನೂ ಪಾಯಿಂಟ್ ಬರೆದುಕೊಂಡಿದ್ದೆ, ಸಿಟ್ಟಲ್ಲಿ ಹಾಳೆ ಎಲ್ಲಿಟ್ಟೆನೋ. ಇರಲಿ. ಹಳೆಯದಲ್ಲದಿದ್ದರೆ ಏನೀಗ? ಏನೀಗ ಅಂತ ಕೇಳ್ತಿದ್ದೇನೆ! ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಮುಂದಿನ ವಾರ ಕೇಂಬ್ರಿಡ್ಜ್ ಹತ್ತಿರದ ಟ್ರಂಪಿಂಗ್ಟನ್‌ಗೆ ಹೋಗೋಣ, ಅಲ್ಲಿ ಸರ್ ರೋಜರ್ ಎಂಬ ಇನ್ನೊಬ್ಬ ಹಿತ್ತಾಳೆ ನೈಟ್ ಕಾಲ ಮೇಲೆ ಕಾಲು ಹಾಕಿ ಮಲಗಿದ್ದಾನೆ. ಅವನದ್ದನ್ನೂ 1289 ಅಂತಿದ್ದರು, ಅದೂ ಈಚೆಗೆ ಜಾರಿದೆ. ಕಾಮೆಂಟ್ ಬಾಕ್ಸ್ ಈಗಲೇ ಮುಚ್ಚಿಬಿಡಲಾ?