ಪೆಟ್ಟು ತಿಂದವಳನ್ನೇ ಮೊದಲು ಪ್ರಶ್ನಿಸುವುದೇಕೆ?

[ತೆರೆಯ ಮೇಲೆ: ಚರ್ಚಿನ ಸಮಿತಿ ಕೋಣೆ, ಮೇಜು, ನಾಲ್ಕು ಕುರ್ಚಿ]

ನಮಸ್ಕಾರ. ಮುಂಬೈ, ಪುಣೆಯ ಕನ್ನಡ ಸಭೆಗಳ ಪಾಸ್ಟರುಗಳು, ಹಿರಿಯರು, ಪ್ಯಾರಿಷ್ ಸಮಿತಿಯವರು ಇದನ್ನು ಪೂರ್ತಿ ನೋಡಿ.

ಗಂಡ ಹೊಡೆಯುತ್ತಾನೆ ಅಂತ ಹೆಣ್ಣುಮಗಳು ಬಂದರೆ, "ನೀನು ಅವನಿಗೆ ಏನಂದೆಯಮ್ಮ?" ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ಅವನ ಸಿಟ್ಟಿಗೆ ಸಾಲ, ಕುಡಿತ, ಕೆಲಸದ ಒತ್ತಡ ಕಾರಣ. ಅವಳ ಸಿಟ್ಟಿಗೆ ಮಾತ್ರ ಅವಳ ಸ್ವಭಾವವೇ ಕಾರಣ! ಆಮೇಲೆ ಬೈಬಲಿನ ಎಫೆಸ 5:22 ಓದಿ, ಅಧೀನಳಾಗಿರು ಅನ್ನುತ್ತಾರೆ. ಒಬ್ಬರಿಗೊಬ್ಬರು ಅಧೀನರಾಗಿರಿ ಎನ್ನುವ 21ನೇ ವಚನ, ಹೆಂಡತಿಯನ್ನು ಸ್ವಂತ ದೇಹದಂತೆ ಪ್ರೀತಿಸಬೇಕು ಎನ್ನುವ 28ನೇ ವಚನ ಗಂಡನ ಕಿವಿಗೆ ಬೀಳುವುದೇ ಇಲ್ಲ. ಕಥೋಲಿಕರಲ್ಲಿ ಧರ್ಮಸಭೆಯ ಕಾನೂನಿನ 1153ನೇ ವಿಧಿಯೇ ಇದೆ: ಸಂಗಾತಿಯಿಂದ ಗಂಭೀರ ಅಪಾಯವಿದ್ದರೆ ಬೇರೆ ಇರಬಹುದು, ತಡಮಾಡಿದರೆ ಅಪಾಯ ಅನ್ನುವಾಗ ಬಿಷಪರ ಆದೇಶಕ್ಕೂ ಕಾಯಬೇಕಿಲ್ಲ.

ದೇಶದ ಕಾನೂನಿನಲ್ಲೂ ಇದೇ ತಾರತಮ್ಯವಿತ್ತು. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿ ಕ್ರೌರ್ಯದ ಜೊತೆಗೆ ವ್ಯಭಿಚಾರವನ್ನೂ ಸಾಬೀತು ಮಾಡಬೇಕಿತ್ತು. 1997ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣಪೀಠ ಇದನ್ನು ಹೊಡೆದುಹಾಕಿತು. 2001ರ ತಿದ್ದುಪಡಿಯ ನಂತರ ಕ್ರೌರ್ಯವೊಂದೇ ಸಾಕು, ಇಬ್ಬರಿಗೂ.

[ತೆರೆಯ ಮೇಲೆ: ಎರಡು ಕುರ್ಚಿಗಳು ಬೇರೆ ಬೇರೆ ಕೋಣೆಯಲ್ಲಿ]

ಹಿರಿಯರು ಎಡವುವುದು ಇಲ್ಲಿ: ಇಬ್ಬರನ್ನೂ ಎದುರುಬದುರು ಕೂರಿಸುತ್ತಾರೆ. ಅವನ ಮುಂದೆ ಅವಳು ಬಾಯಿಬಿಡುವುದಿಲ್ಲ. ಬಿಟ್ಟರೆ, ಆ ಮಾತಿಗೇ ರಾತ್ರಿ ಮನೆಯಲ್ಲಿ ಏಟು. ಅವನು ಎಲ್ಲರೆದುರು ಅತ್ತು ಕ್ಷಮೆ ಕೇಳಿದರೆ ಕೇಸು ಮುಗಿಯಿತು ಅಂದುಕೊಳ್ಳುತ್ತೇವೆ; ಅವಳು ಒಪ್ಪದಿದ್ದರೆ ಕಲ್ಲುಮನಸ್ಸಿನವಳು. ಆದ್ದರಿಂದ ಮೊದಲು ಅವಳೊಬ್ಬಳ ಜೊತೆ, ಒಬ್ಬ ಹೆಂಗಸು ಹತ್ತಿರವಿದ್ದು, ಮಾತಾಡಿ. ಈಗ ಮನೆಗೆ ಹೋದರೆ ಅಪಾಯವಿದೆಯಾ, ಕತ್ತು ಹಿಸುಕಿದ್ದಾನಾ, ಮಕ್ಕಳಿಗೂ ಪೆಟ್ಟು ಬಿದ್ದಿದೆಯಾ ಎಂದು ಕೇಳಿ. ಕತ್ತು ಹಿಸುಕಿದ್ದರೆ ಜೀವಕ್ಕೇ ಅಪಾಯ, ಹೊರಗೆ ಗಾಯ ಕಾಣದಿದ್ದರೂ ಅಂದೇ ಆಸ್ಪತ್ರೆಗೆ ಕಳಿಸಿ. ಅವಳು ಹೇಳಿದ್ದನ್ನು ಅವನಿಗೆ ಮುಟ್ಟಿಸಬೇಡಿ.

ಆಸ್ಪತ್ರೆಯಲ್ಲಿ "ಬಿದ್ದೆ" ಅನ್ನಬಾರದು. ಯಾರು, ಯಾವಾಗ, ಯಾವುದರಿಂದ ಹೊಡೆದರು ಎಂಬುದು ಕೇಸ್ ಪೇಪರಿನಲ್ಲಿ ಬರಬೇಕು, ಮುಂದೆ ಅದೇ ಸಾಕ್ಷಿ. ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಇಂಥವರಿಗಾಗಿಯೇ ದಿಲಾಸಾ ಕೇಂದ್ರವಿದೆ. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ತವರು ಬೀದರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವವಳಿಗೆ "ಮನೆ ಅವನ ಹೆಸರಲ್ಲಿದೆ, ನೀನು ಊರಿಗೆ ಹೋಗು" ಅನ್ನುವುದು ಸುಲಭ. ಅದು ತಪ್ಪು ಸಲಹೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 17ನೇ ಕಲಮಿನ ಪ್ರಕಾರ ಗಂಡನ ಹೆಸರಿನ ಬಾಡಿಗೆ ಖೋಲಿಯಲ್ಲೂ ಅವಳಿಗೆ ವಾಸದ ಹಕ್ಕಿದೆ. 12ನೇ ಕಲಮಿನ ಅರ್ಜಿಯನ್ನು ಅವಳೇ ಅಥವಾ ಸಂರಕ್ಷಣಾಧಿಕಾರಿಯ (ಈ ಕಾಯ್ದೆಯಡಿ ನೆರವಿಗೆ ಸರ್ಕಾರ ನೇಮಿಸಿದ ಅಧಿಕಾರಿ) ಮೂಲಕ ಮ್ಯಾಜಿಸ್ಟ್ರೇಟರಿಗೆ ಕೊಡಬಹುದು. ಸಾಮಾನ್ಯವಾಗಿ 3 ದಿನದೊಳಗೆ ಮೊದಲ ವಿಚಾರಣೆ ಇಡಬೇಕೆಂದು ಕಾಯ್ದೆ ಹೇಳುತ್ತದೆ. ವಕೀಲರ ಖರ್ಚಿಲ್ಲ, ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಮಹಿಳೆಗೆ ಅದಕ್ಕೆ ಆದಾಯದ ಮಿತಿಯಿಲ್ಲ.

ಗಂಡಸು ಪೆಟ್ಟು ತಿಂದು ಬಂದರೆ ನಗುವುದೂ ಇದೇ ಪಕ್ಷಪಾತದ ಇನ್ನೊಂದು ಮುಖ. ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಅವನಿಗಿಲ್ಲ. ಪೊಲೀಸ್ ದೂರು, ಕ್ರೌರ್ಯದ ಮೇಲೆ ವಿಚ್ಛೇದನ ಅವನಿಗೂ ಉಂಟು.

ಅವಳಿಗೆ ಮ್ಯಾಜಿಸ್ಟ್ರೇಟರಿಂದ ರಕ್ಷಣಾ ಆದೇಶ, ಅಂದರೆ ಅವನು ಹಿಂಸೆ ಮಾಡಬಾರದೆಂಬ ಆದೇಶ, ಸಿಕ್ಕಿದ್ದರೆ ಅದರ ಒಂದು ಪ್ರತಿ ಅವಳ ಬಳಿಯೂ, ಇನ್ನೊಂದು ನಂಬಿಕಸ್ಥರ ಬಳಿಯೂ ಇರಲಿ. ಅವನು ಆ ಆದೇಶ ಮುರಿದರೆ 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮುರಿದ ದಿನವೇ ಠಾಣೆಗೆ ಅವಳ ಜೊತೆ ಸಭೆಯಿಂದ ಒಬ್ಬರು ಹೋಗಿ.