ಮನೆಗೇ ಹೋಗದ ಸಭಾ ಶಿಸ್ತು

ಎಲ್ಲರಿಗೂ ಪ್ರಭುವಿನ ನಾಮದಲ್ಲಿ ವಂದನೆಗಳು. ಇಲ್ಲಿ ಮಂಗಳೂರಲ್ಲಿ ಮಳೆ ಹೊಡೀತಾ ಉಂಟು. ಹಂಚಿನ ಮೇಲೆ ಬೀಳುವ ಸದ್ದು ಮೈಕಿಗೆ ಬಂದರೆ ಸ್ವಲ್ಪ ಸುಧಾರಿಸಿಕೊಳ್ಳಿ.

ಮೊನ್ನೆ ಒಂದು ಮದುವೆ ಊಟದಲ್ಲಿ ಕೂತಿದ್ದೆ. ತಪ್ಪು ಮಾಡಿದ ಸದಸ್ಯರನ್ನು ಚರ್ಚು ತಿದ್ದುವ, ಹೊರಗಿಡುವ ಕ್ರಮದ ಮಾತು ಬಂತು. ಪಕ್ಕದವರು ಕೇಳಿದರು, "ಈ ಕಾಲದಲ್ಲಿ ಎಂತ ಸಭಾ ಶಿಸ್ತು ಮಾರಾಯ್ರೆ? ಗಟ್ಟಿ ಮಾತಾಡಿದರೆ ಇದ್ದ ನಾಲ್ಕು ಜನವೂ ಬೇರೆ ಕಡೆ ಹೋಗ್ತಾರೆ." ಎದುರಿಗಿದ್ದ ಹಿರಿಯರಿಗೆ ಸಿಟ್ಟು ಬಂತು. "ಶಿಸ್ತು ಬಿಟ್ಟದ್ದಕ್ಕೇ ಹೀಗಾದದ್ದು. ನಮ್ಮ ಕಾಲದಲ್ಲಿ ಹೀಗಿತ್ತಾ?" ಅಂದರು. ನಾನು ಸುಮ್ಮನೆ ಕೋಳಿ ಸುಕ್ಕ ಹಾಕಿಸಿಕೊಂಡೆ. ಆಗ ಹೇಳದೆ ಉಳಿದದ್ದನ್ನು ಈಗ ಹೇಳ್ತೇನೆ.

ಮೊದಲು ನನ್ನ ನಿಲುವು. ಕಾಲ ಬದಲಾಯಿತು ಅಂತ ಬೋಧನೆಯನ್ನು ಬದಲಿಸಬೇಕು ಅನ್ನುವವನು ನಾನಲ್ಲ. ಮದುವೆಯ ಬಗ್ಗೆ, ಪಾಪದ ಬಗ್ಗೆ, ಕ್ರಿಸ್ತನ ಬಗ್ಗೆ ನನ್ನ ಅಜ್ಜಿ ಕಲಿತದ್ದನ್ನೇ ನಾನೂ ಭಾನುವಾರ ಶಾಲೆಯಲ್ಲಿ ಕಲಿತೆ, ಅದನ್ನೇ ಕಲಿಸಿದೆ. ಸಭೆಗೆ ಶಿಸ್ತು ಬೇಕು, ಖಂಡಿತ ಬೇಕು. ಆದರೆ "ನಮ್ಮ ಕಾಲದಲ್ಲಿ" ಅಂತ ಆ ಹಿರಿಯರು ಹೇಳಿದರಲ್ಲ, ಆ ಕಾಲದಲ್ಲಿ ಶಿಸ್ತು ನಿಂತದ್ದು ಯಾವುದರ ಮೇಲೆ ಅಂತ ಒಮ್ಮೆ ನೋಡಬೇಕು.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮಿಷನರಿಗಳು ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದದ್ದು 1834ರಲ್ಲಿ. ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತನಾದವನಿಗೆ ಜಾತಿಯ ಬಾಗಿಲು ಮುಚ್ಚಿತು. ಎಷ್ಟೋ ಮಂದಿಗೆ ಮನೆ ಹೋಯ್ತು, ಕಸುಬೂ ಹೋಯ್ತು. ಬಿಲ್ಲವರಿಂದ ಬಂದವರು ಮೂರ್ತೆ, ಅಂದರೆ ಕಳ್ಳು ಇಳಿಸುವ ಕಸುಬು ಬಿಡಬೇಕು ಅಂತ ಮಿಷನರಿಗಳ ಪಟ್ಟು. ಬಿಟ್ಟು ಎಂತ ತಿನ್ನುವುದು? ಅದಕ್ಕೇ ನೇಯ್ಗೆ ಶುರುವಾಯ್ತು, ಬಾಲ್ಮಠದ ನೇಯ್ಗೆಯಲ್ಲಿ ಖಾಕಿ ಬಣ್ಣ ಹುಟ್ಟಿತು ಅಂತ ಹೇಳ್ತಾರೆ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಎದ್ದಿತು. ಮನೆ ಮಿಷನ್ನಿನದು, ಸಂಬಳ ಮಿಷನ್ನಿನದು, ಮಕ್ಕಳ ಶಾಲೆ ಮಿಷನ್ನಿನದು, ಸತ್ತರೆ ಹೂಳುವ ಜಾಗವೂ ಅವರದ್ದೇ. ಆವಾಗ ಒಬ್ಬನನ್ನು ಪ್ರಭು ಭೋಜನದಿಂದ, ಅಂದರೆ ಆರಾಧನೆಯ ರೊಟ್ಟಿ-ದ್ರಾಕ್ಷಾರಸದಿಂದ, ಹೊರಗಿಟ್ಟರೆ ಅವನಿಗೆ ಹೋಗ್ಲಿಕ್ಕೆ ಬೇರೆ ಜಾಗ ಎಲ್ಲಿ? ಅವನು ತಲೆ ತಗ್ಗಿಸಿ ವಾಪಸು ಬಂದದ್ದರಲ್ಲಿ ಪಶ್ಚಾತ್ತಾಪ ಎಷ್ಟು, ಹೊಟ್ಟೆಪಾಡು ಎಷ್ಟು ಅಂತ ದೇವರಿಗೇ ಗೊತ್ತು.

ಮೊದಲ ಮಹಾಯುದ್ಧ ಆಯ್ತು, ಮಿಷನ್ನಿನ ಜರ್ಮನರು ಹೋದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಮನೆ, ಕೆಲಸ, ಶಾಲೆ ಎಲ್ಲ ಒಂದೇ ಕಡೆ ಇದ್ದ ಆ ಮಿಷನ್ ಕಾಂಪೌಂಡು ಹೋಗಿ ನೂರು ವರ್ಷ ದಾಟಿತು. ಅದರ ಧ್ವನಿ ಮಾತ್ರ ನಮ್ಮ ಸಮಿತಿಗಳಲ್ಲಿ ಇನ್ನೂ ಉಳಿದಿದೆ. ಈಗ ನಾವು ಒಬ್ಬನ ಹೆಸರು ರಿಜಿಸ್ಟರಿನಿಂದ ಹೊಡೆದುಹಾಕಿದರೆ ಅವನು ಮುಂದಿನ ಆದಿತ್ಯವಾರ ರಿಕ್ಷಾ ಹಿಡಿದು ಇನ್ನೊಂದು ಆರಾಧನೆಗೆ ಹೋಗ್ತಾನೆ. ಅಲ್ಲಿ ಮುಂದಿನ ಸಾಲಿನಲ್ಲಿ ಕೂರಿಸ್ತಾರೆ. ನಮ್ಮ ಕೈಯಲ್ಲಿ ಈಗ ಮನೆ ಇಲ್ಲ, ಕೆಲಸ ಇಲ್ಲ. ಒಬ್ಬನನ್ನು ತಿದ್ದಲಿಕ್ಕೆ ಉಳಿದದ್ದು ಅವನಿಗೆ ನಮ್ಮ ಮೇಲಿರುವ ಪ್ರೀತಿ, ಅಷ್ಟೇ. ಅದು ಇದ್ದರೆ.

ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ಎಲ್ಲರಿಗೂ ಬಾಯಿಪಾಠ. ಸಹೋದರ ತಪ್ಪು ಮಾಡಿದರೆ ನೀನು ಹೋಗಿ, ಇಬ್ಬರೇ ಇರುವಾಗ ಹೇಳು. ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರಕೊಂಡು ಹೋಗು. ಸಭೆಗೆ ಹೇಳುವುದು ಅದರ ನಂತರ. ಅವನು ಕೇಳಿದರೆ ನೀನು ಸಹೋದರನನ್ನು "ಸಂಪಾದಿಸಿಕೊಂಡಿ" ಅಂತ ನಮ್ಮ ಹಳೆ ಕನ್ನಡ ಬೈಬಲಿನಲ್ಲಿ ಉಂಟು. ಸಂಪಾದನೆ! ನಾವು ನೇರ ಮೂರನೆಯದಕ್ಕೆ ಹಾರ್ತೇವೆ. ಅದಕ್ಕೂ ಮೊದಲು ವಾಟ್ಸಾಪಿನಲ್ಲಿ ಊರಿಗೇ ಹೇಳಿ ಆಗಿರ್ತದೆ. ಕೊನೆಗೂ ಕೇಳದಿದ್ದರೆ ಅವನು ನಿನಗೆ ಅನ್ಯನಂತೆ, ಸುಂಕದವನಂತೆ ಇರಲಿ ಅಂತ ಉಂಟು, ಒಪ್ಪಿದೆ. ಆದರೆ ಅದೇ ಸುವಾರ್ತೆಯಲ್ಲಿ ಯೇಸು ಒಬ್ಬ ಸುಂಕದವನನ್ನು ಕರೆದ, ಅವನ ಜೊತೆ ಊಟಕ್ಕೆ ಕೂತ. ಅವನ ಹೆಸರೇ ಆ ಪುಸ್ತಕಕ್ಕೆ ಇರುವುದು.

ಈಗ ನನ್ನ ತಪ್ಪು. ಕೆಲವು ವರ್ಷ ನಾನೂ ಸಭಾ ಹಿರಿಯನಾಗಿದ್ದೆ. ಯಾವ ಸಭೆ ಅಂತ ಕೇಳಬೇಡಿ. ನಮ್ಮದೇ ಹುಡುಗ, ಕೊಯರ್‌ನಲ್ಲಿ ಹಾಡುತ್ತಿದ್ದವ, ಬೆಂಗಳೂರಲ್ಲಿ ಕೆಲಸ. ಒಂದು ಹುಡುಗಿಯ ಜೊತೆ ಒಂದೇ ಮನೆಯಲ್ಲಿದ್ದಾನೆ ಅಂತ ಸುದ್ದಿ ಬಂತು. ಸುದ್ದಿ ನಿಜವೇ. ಸಮಿತಿಯಲ್ಲಿ ಅವನ ವಿಷಯ ಮುಕ್ಕಾಲು ಗಂಟೆ ನಡೆಯಿತು. ಸದಸ್ಯತ್ವ ತಡೆಹಿಡಿಯುವುದು ಅಂತ ಆಯ್ತು, ನಾನೂ ಕೈ ಎತ್ತಿದೆ. ಬೋಧನೆಯ ದೃಷ್ಟಿಯಿಂದ ನಾವು ಹೇಳಿದ್ದು ತಪ್ಪಲ್ಲ. ಆದರೆ ಅಷ್ಟು ಜನರಲ್ಲಿ ಒಬ್ಬನೂ ಅವನಿಗೊಂದು ಫೋನ್ ಮಾಡಿರಲಿಲ್ಲ. ಅವನ ಅಮ್ಮ ಪ್ರತಿ ವಾರ ನನ್ನ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಅವರಿಗೆ ಗೊತ್ತಾದದ್ದು ಕಾಗದ ಹೋದ ಮೇಲೆ.

ಅದೇ ದಿನ ಹಾಲ್‌ನ ಬಾಡಿಗೆ ಲೆಕ್ಕದಲ್ಲಿ ಒಂದು ವ್ಯತ್ಯಾಸ ಬಂದಿತ್ತು. ಸಣ್ಣ ಮೊತ್ತ ಏನಲ್ಲ. ಲೆಕ್ಕ ನೋಡುತ್ತಿದ್ದವರು ದೊಡ್ಡ ಮನೆಯವರು. "ಮುಂದಿನ ಸಲ ನೋಡುವ" ಅಂತ ಎರಡೇ ನಿಮಿಷದಲ್ಲಿ ಮುಗಿಯಿತು, ಚಾ ಬಂತು.

ಚಿನ್ನದ ಉಂಗುರದವನಿಗೆ ಕುರ್ಚಿ ಕೊಟ್ಟು ಬಡವನನ್ನು ನೆಲದಲ್ಲಿ ಕೂರಿಸುವ ಸಭೆಗೆ ಯಾಕೋಬ ಬೈದದ್ದು ಬೈಬಲಿನಲ್ಲಿ ಅವನ ಪತ್ರದ ಎರಡನೇ ಅಧ್ಯಾಯದಲ್ಲೇ ಉಂಟು. ಹುಡುಗರು ಸಭೆಯಿಂದ ಹೋಗುವುದು ನಮ್ಮ ಶಿಸ್ತು ಗಟ್ಟಿಯಾದದ್ದಕ್ಕೆ ಅಂತ ನನಗೆ ಅನ್ನಿಸುವುದಿಲ್ಲ. ಅದು ಯಾರ ಮೇಲೆ ಗಟ್ಟಿ, ಯಾರ ಮೇಲೆ ಮೆತ್ತಗೆ ಅಂತ ಅವರು ನೋಡ್ತಾ ಇದ್ದಾರೆ. ಮದುವೆಯ ಪ್ರಕಟಣೆ ಓದುವಾಗ "ಆಕ್ಷೇಪಣೆ ಇದ್ದರೆ ತಿಳಿಸಿ" ಅಂತೇವೆ. ಇಷ್ಟು ಪ್ರಕಟಣೆ ಕೇಳಿದ್ದೇನೆ, ವರದಕ್ಷಿಣೆಯ ಬಗ್ಗೆ ಒಬ್ಬನೂ ಆಕ್ಷೇಪಣೆ ಎತ್ತಿದ್ದು ನಾನು ನೋಡಿಲ್ಲ. ದೇಶದ ಕಾನೂನು ಅದನ್ನು ನಿಷೇಧಿಸಿದ್ದು 1961ರಲ್ಲಿ. ಇನ್ನು ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು ಕೊಟ್ಟರೆ ಕಾರು ಬರ್ತದೆ ಅಂತ ವೇದಿಕೆಯಿಂದ ಹೇಳುವವರು ಇದ್ದಾರೆ. ಬೋಧನೆ ಕೆಟ್ಟದ್ದು ಅಂದರೆ ಅದಲ್ಲವಾ? ಅವರಿಗೆ ನಾವು ಶಾಲು ಹೊದಿಸ್ತೇವೆ. ಕಥೊಲಿಕ ಸಭೆಯಲ್ಲಿ ಪೋಪ್ ಫ್ರಾನ್ಸಿಸ್ 2021ರಲ್ಲಿ ಶಿಕ್ಷೆಯ ನಿಯಮಗಳನ್ನು ತಿದ್ದಿದಾಗ, ಶಿಸ್ತಿಗೂ ಪ್ರೀತಿಗೂ ಇರುವ ಸಂಬಂಧ ತಿಳಿಯದೆ ಹಿಂದೆ ದೊಡ್ಡ ಹಾನಿಯಾಯಿತು ಅಂತ ಬರೆದರು. ಅದನ್ನು ನಮ್ಮ ಕಡೆಯವರೂ ಓದಬಹುದು, ಪಾಪ ಏನೂ ಬರುವುದಿಲ್ಲ.

ಬದಲಾಗುವ ಸಂಸ್ಕೃತಿ ಅಂತ ಈಗ ಹೊಸದಾಗಿ ಬಂದ ಹಾಗೆ ಮಾತಾಡ್ತೇವಲ್ಲ, ತುಳುನಾಡಿನ ಕ್ರೈಸ್ತರು ಸುತ್ತಲಿನವರ ನಡುವೆ ಬೇರೆಯಾಗಿ ಬದುಕಲಿಕ್ಕೆ ಮೊದಲ ದಿನದಿಂದಲೇ ಕಲಿಯಬೇಕಾಗಿತ್ತು. ನನ್ನ ಅಜ್ಜಿಯ ನೆಂಟರ ಮನೆಯಲ್ಲಿ ನೇಮ, ಅಂದರೆ ದೈವದ ಕೋಲ, ಆಗುತ್ತಿತ್ತು. ಅಜ್ಜಿ ಹೋಗುತ್ತಿದ್ದರು. ಹಿಂದಿನ ದಿನವೇ ಹೋಗಿ ತೆಂಗಿನಕಾಯಿ ತುರಿದು ಕೊಡುತ್ತಿದ್ದರು, ಊಟ ಮಾಡುತ್ತಿದ್ದರು. ಗಂಧ ಪ್ರಸಾದ ಬಂದಾಗ ಮಾತ್ರ ಮೆಲ್ಲ ಎದ್ದು ಅಡುಗೆಮನೆಗೆ. ಆ ಮನೆಯವರಿಗೂ ಗೊತ್ತಿತ್ತು, ಬೇಜಾರು ಮಾಡುತ್ತಿರಲಿಲ್ಲ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 10ನೇ ಅಧ್ಯಾಯ ಓದಿ ನೋಡಿ: ಕರೆದರೆ ಹೋಗು, ಬಡಿಸಿದ್ದನ್ನು ವಿಚಾರಿಸದೆ ತಿನ್ನು, ನೈವೇದ್ಯದ್ದು ಅಂತ ಯಾರಾದರೂ ಹೇಳಿದರೆ ತಿನ್ನಬೇಡ. ಅಜ್ಜಿ ಇದನ್ನು ಯಾವ ಸಮಿತಿಯ ಠರಾವಿನಿಂದಲೂ ಕಲಿತದ್ದಲ್ಲ. ಸಭಾಪಾಲಕರು ಮನೆಗೆ ಬರುತ್ತಿದ್ದರು, ಚಾವಡಿಯಲ್ಲಿ ಕೂತು ಮಾತಾಡುತ್ತಿದ್ದರು. ನೋಡಿ, ಆ ಕಾಂಪೌಂಡಿನ ಕಾಲದಿಂದ ಉಳಿಸಿಕೊಳ್ಳಬೇಕಾದದ್ದು ಇದು. ನಾವು ಉಳಿಸಿಕೊಂಡದ್ದು ರಿಜಿಸ್ಟರನ್ನು.

ಅದೇ ಕೊರಿಂಥದವರಿಗೆ ಅದೇ ಮೊದಲ ಪತ್ರದಲ್ಲಿ ಪೌಲ ಒಬ್ಬನನ್ನು ಹೊರಗೆ ಹಾಕಿ ಅಂತ ಬರೆದ. ಎರಡನೇ ಪತ್ರದಲ್ಲಿ, ಶಿಕ್ಷೆ ಸಾಕು, ಕ್ಷಮಿಸಿ ಸಂತೈಸಿ, ಇಲ್ಲದಿದ್ದರೆ ಅವನು ದುಃಖದಲ್ಲಿ ಮುಳುಗಿ ಹೋದಾನು ಅಂತ ಬರೆದ. ಎರಡೂ ಕಡೆ ಒಬ್ಬನೇ ಮನುಷ್ಯ ಅಂತ ಹಿಂದಿನಿಂದ ಎಷ್ಟೋ ಮಂದಿ ಓದಿಕೊಂಡು ಬಂದಿದ್ದಾರೆ. ನಮ್ಮ ಸಮಿತಿಗಳಲ್ಲಿ ಮೊದಲ ಪತ್ರ ಹೋಗ್ತದೆ. ಎರಡನೆಯದು ಬರೆಯುವವರೇ ಇಲ್ಲ.

ಈ ವಿಡಿಯೋ ಮಾಡುವ ಮೊದಲು ಆ ಹುಡುಗನ ನಂಬರ್ ಅವನ ಅಮ್ಮನ ಹತ್ತಿರ ಕೇಳಿ ತೆಗೆದುಕೊಂಡೆ. ಅವರು ಯಾಕೆ ಅಂತ ಕೇಳಲಿಲ್ಲ. ಫೋನ್ ಎತ್ತಿದ, "ಯಾರು?" ಅಂದ. ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂಕಲ್ ಅಂದ, ಆರೋಗ್ಯ ಕೇಳಿದ, ಕ್ರಿಸ್ಮಸ್‌ಗೆ ಊರಿಗೆ ಬರ್ತೇನೆ ಅಂದ. ಮನೆಗೆ ಬಂದು ನೋಡಬಹುದಾ ಅಂತ ಕೇಳಿದೆ.

"ಸಮಿತಿಯ ಪರವಾಗಿಯಾ ಅಂಕಲ್?" ಅಂತ ಕೇಳಿದ.

ಅಲ್ಲ ಮಗಾ, ನಾನೊಬ್ಬನೇ ಅಂದೆ.