ಸರಿ ಗುರುತು, ತಪ್ಪು ಗುರುತಿನ ಪಟ್ಟಿಯಲ್ಲಿ ಕಾಣದ್ದು

(ಚಿಕ್ಕಬಳ್ಳಾಪುರದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಪ್ರೋಗ್ರಾಮಿಂಗ್ ಭಾಷೆಗಳನ್ನು ಹೋಲಿಸುವ ಪಟ್ಟಿಯೊಂದನ್ನು ನೆನಪಿಸಿಕೊಳ್ಳಿ. ಎಡಗಡೆ ಇನ್‌ಹೆರಿಟೆನ್ಸ್ (ಒಂದು ಕ್ಲಾಸಿನ, ಅಂದರೆ ಮಾಹಿತಿ ಮತ್ತು ಅದರ ಕೆಲಸಗಳ ಅಚ್ಚಿನ, ಗುಣ ಇನ್ನೊಂದಕ್ಕೆ ಇಳಿದು ಬರುವುದು), ಪಾಲಿಮಾರ್ಫಿಸಂ (ಒಂದೇ ಕರೆಗೆ ಪ್ರತಿ ಕ್ಲಾಸೂ ತನ್ನ ರೀತಿಯಲ್ಲಿ ಉತ್ತರಿಸುವುದು), ಎನ್‌ಕ್ಯಾಪ್ಸುಲೇಷನ್ (ಒಳಗಿನದನ್ನು ಹೊರಗಿನವರಿಂದ ಕಾಯುವುದು). ಮೇಲ್ಗಡೆ ಸಿ++, ಜಾವಾ, ಪೈಥಾನ್, ಗೋ. ನಡುವೆ ಸರಿ ಗುರುತು, ತಪ್ಪು ಗುರುತು. ಇಂಥ ಪಟ್ಟಿಯನ್ನು ನೀವೆಲ್ಲ ನೋಟ್ಸಿನಲ್ಲಿ ಬರೆದುಕೊಂಡಿರುತ್ತೀರಿ. ಆದರೆ ಪದ ಒಂದೇ ಆದರೂ ಭಾಷೆಯಿಂದ ಭಾಷೆಗೆ ಅದರ ಕೆಲಸ ಬೇರೆ. ‘ಪ್ರೊಟೆಕ್ಟೆಡ್’ ನೋಡಿ, ಒಳಗಿನದನ್ನು ಯಾರು ಮುಟ್ಟಬಹುದು ಎಂದು ಹೇಳುವ ಪದ. ಸಿ++ನಲ್ಲಿ ಅದು ಆ ಕ್ಲಾಸಿಗೆ, ಅದರ ಮಕ್ಕಳಿಗೆ (ಅದರಿಂದ ಇಳಿದು ಬಂದ ಕ್ಲಾಸುಗಳಿಗೆ), ಫ್ರೆಂಡ್ ಎಂದು ಹೇಳಿಕೊಂಡವರಿಗೆ ಮಾತ್ರ. ಜಾವಾದಲ್ಲಿ ಅದೇ ಪ್ಯಾಕೇಜಿನಲ್ಲಿ (ಕ್ಲಾಸುಗಳ ಗುಂಪಿನಲ್ಲಿ) ಇರುವ, ಸಂಬಂಧವೇ ಇಲ್ಲದ ಕ್ಲಾಸಿಗೂ ಬಾಗಿಲು ತೆರೆದಿರುತ್ತದೆ. ಪಟ್ಟಿಯಲ್ಲಿ ಎರಡಕ್ಕೂ ಸರಿ ಗುರುತೇ.

ಅದಕ್ಕೇ ಪದಗಳನ್ನು ಬಿಟ್ಟು ಒಂದು ಚಿಕ್ಕ ಲೆಕ್ಕ ಹಿಡಿಯೋಣ. ಪಕ್ಕದ ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯ ಲಾಟು (ಹರಾಜಿಗೆ ಒಟ್ಟಾಗಿ ಇಟ್ಟ ಗೂಡಿನ ರಾಶಿ) ಇರಲಿ. ‘ಲಾಟು’ ಬೇಸ್ ಕ್ಲಾಸ್, ಅಂದರೆ ತಾಯಿ ಕ್ಲಾಸ್: ತೂಕ 50 ಕೆಜಿ, ದರ ಕೆಜಿಗೆ 600 ರೂಪಾಯಿ. ಅದರ ಕನ್‌ಸ್ಟ್ರಕ್ಟರ್ (ವಸ್ತು ಹುಟ್ಟುವಾಗ ಓಡುವ ಭಾಗ) ಕೊನೆಗೆ ‘ಮೊತ್ತ’ ಎಂಬ ಮೆಥಡ್ (ಕ್ಲಾಸಿನೊಳಗಿನ ಒಂದು ಕೆಲಸ) ಕರೆದು ಬಂದ ಉತ್ತರವನ್ನು ಇಟ್ಟುಕೊಳ್ಳುತ್ತದೆ. ‘ದ್ವಿತಳಿ ಲಾಟು’ (ದ್ವಿತಳಿ ಎಂದರೆ ಬೈವೋಲ್ಟೈನ್ ರೇಷ್ಮೆ ತಳಿ) ಅದರ ಮಗು. ಅದರಲ್ಲಿ ‘ಹೆಚ್ಚುವರಿ’ ಎಂಬ ಫೀಲ್ಡಿಗೆ (ಬೆಲೆ ಇಡುವ ಜಾಗಕ್ಕೆ) 30 ಕೊಟ್ಟು, ಕೆಜಿಗೆ ಅಷ್ಟು ಸೇರಿಸಿ ‘ಮೊತ್ತ’ವನ್ನು ಓವರ್‌ರೈಡ್ ಮಾಡಿದ್ದೇವೆ, ಅಂದರೆ ಬೇಸಿನದರ ಬದಲು ಹೊಸದಾಗಿ ಬರೆದಿದ್ದೇವೆ. (ಇವು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿ, ಇವತ್ತಿನ ಹರಾಜಿನ ದರವಲ್ಲ.) ಬರಬೇಕಾದ ಉತ್ತರ 31,500.

ಸಿ++ನಲ್ಲಿ ‘ಮೊತ್ತ’ ವರ್ಚುಯಲ್ (ಮಗುವಿನದು ಇದ್ದರೆ ಅದನ್ನೇ ಓಡಿಸು ಎಂಬ ಸೂಚನೆ) ಆಗಿದ್ದರೂ ಬರುವುದು 30,000. ಬೇಸ್ ಕನ್‌ಸ್ಟ್ರಕ್ಟರ್ ಓಡುವಾಗ ಮಗುವಿನ ಭಾಗ ಇನ್ನೂ ಹುಟ್ಟಿಲ್ಲ. ಹಾಗಾಗಿ ಬೇಸಿನ ಮೆಥಡ್ಡೇ ಓಡುತ್ತದೆ. ಜಾವಾದಲ್ಲೂ 30,000, ಆದರೆ ಕಾರಣ ತದ್ವಿರುದ್ಧ: ಓಡಿದ್ದು ಮಗುವಿನ ಮೆಥಡ್ಡೇ, ‘ಹೆಚ್ಚುವರಿ’ಗೆ 30 ಇನ್ನೂ ಬಿದ್ದಿರಲಿಲ್ಲ, ಸೊನ್ನೆ ಇತ್ತು. ಆ ಫೀಲ್ಡನ್ನು ಫೈನಲ್ (ಮತ್ತೆ ಬದಲಾಗದ್ದು) ಮಾಡಿ ಅಲ್ಲೇ 30 ಬರೆದರೆ ಕಂಪೈಲರ್ (ಓಡಿಸುವ ಮುನ್ನ ಕೋಡನ್ನು ಅನುವಾದಿಸುವ ತಂತ್ರಾಂಶ) ಅದನ್ನು ಸ್ಥಿರಾಂಕವಾಗಿ ತುಂಬಿ, ಉತ್ತರ ಸರಿಯಾಗಿಬಿಡುತ್ತದೆ! ಸಿ ಶಾರ್ಪ್‌ನಲ್ಲಿ ಫೀಲ್ಡಿನ ಎದುರೇ 30 ಬರೆದರೆ 31,500, ಕನ್‌ಸ್ಟ್ರಕ್ಟರ್ ಒಳಗೆ ಬರೆದರೆ 30,000. ಅಲ್ಲಿ ಫೀಲ್ಡುಗಳ ಆರಂಭದ ಬೆಲೆ ಬೇಸ್ ಕನ್‌ಸ್ಟ್ರಕ್ಟರಿಗೂ ಮೊದಲೇ ಬೀಳುತ್ತದೆ. ಪೈಥಾನಿನಲ್ಲಿ ಸೂಪರ್ ಕರೆದ (ಅಂದರೆ ಬೇಸ್ ಕನ್‌ಸ್ಟ್ರಕ್ಟರ್ ಓಡಿಸಿದ) ಮೇಲೆ ‘ಹೆಚ್ಚುವರಿ’ಗೆ ಬೆಲೆ ಕೊಟ್ಟಿದ್ದರೆ ಆಟ್ರಿಬ್ಯೂಟ್ ಎರರ್ (ಆ ಹೆಸರಿನ ಫೀಲ್ಡೇ ಇಲ್ಲ ಎಂಬ ದೋಷ) ಕೊಟ್ಟು ನಿಲ್ಲುತ್ತದೆ.

ನನ್ನ ಲೆಕ್ಕದಲ್ಲಿ ಇಲ್ಲಿ ಪೈಥಾನೇ ವಾಸಿ. ಸದ್ದಿಲ್ಲದೆ ರೈತನಿಗೆ 1,500 ಕಡಿಮೆ ಬರೆಯುವುದಕ್ಕಿಂತ ನಿಂತುಹೋಗುವುದು ಮೇಲು. ಹಾಗೆಂದು ಅದಕ್ಕೆ ಪೂರ್ತಿ ಅಂಕ ಕೊಡಬೇಡಿ. ಆ ಸಾಲು ಓಡುವ ತನಕ ಅದೂ ಬಾಯಿ ಬಿಡುವುದಿಲ್ಲ. ಜಾವಾ 25ರಿಂದ ಸೂಪರ್ ಕರೆಯುವ ಮುನ್ನವೇ ಫೀಲ್ಡಿಗೆ ಬೆಲೆ ತುಂಬಬಹುದು, ಹಾಗಾಗಿ ಆವೃತ್ತಿ ಬರೆಯದ ಹೋಲಿಕೆಗೆ ಬೆಲೆಯಿಲ್ಲ.

ಬಹು ಇನ್‌ಹೆರಿಟೆನ್ಸ್ (ಒಂದಕ್ಕಿಂತ ಹೆಚ್ಚು ತಾಯಿ ಕ್ಲಾಸ್) ಸಾಲಿನಲ್ಲಿ ಜಾವಾಗೆ ತಪ್ಪು ಗುರುತು ಹಾಕುತ್ತಾರೆ. 2014ರ ಜಾವಾ 8ರಿಂದ ಇಂಟರ್‌ಫೇಸಿನಲ್ಲೂ (ಯಾವ ಮೆಥಡ್ ಇರಬೇಕೆಂದು ಹೇಳುವ ಒಪ್ಪಂದದಲ್ಲೂ) ಡೀಫಾಲ್ಟ್ ಮೆಥಡ್, ಅಂದರೆ ಕೋಡ್ ಸಮೇತ ಮೆಥಡ್, ಬರೆಯಬಹುದು. ಅಂದರೆ ನಡವಳಿಕೆ ಹಲವು ಕಡೆಯಿಂದ ಬರುತ್ತದೆ, ವಸ್ತುವಿನ ಫೀಲ್ಡುಗಳು ಮಾತ್ರ ಬರುವುದಿಲ್ಲ. ಗೋ ಭಾಷೆಯಲ್ಲಿ ಇನ್‌ಹೆರಿಟೆನ್ಸೇ ಇಲ್ಲ, ಎಂಬೆಡಿಂಗ್ ಇದೆ, ಅಂದರೆ ಒಂದರೊಳಗೆ ಇನ್ನೊಂದನ್ನು ಇಡುವುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಒಳಗಿನ ಲಾಟಿನ ಮೆಥಡ್ ‘ಮೊತ್ತ’ವನ್ನು ಕರೆದರೆ ಸಿಗುವುದು ಒಳಗಿನದೇ, ಹೊರಗಿನ ದ್ವಿತಳಿಯದಲ್ಲ. ಜಾವಾದಿಂದ ಗೋಗೆ ಬಂದವರು ಎಡವುವುದು ಇಲ್ಲೇ. ಗೋದಲ್ಲಿ ಹಾಗೆ ಬರೆಯುವವರೇ ಕಡಿಮೆ, ಇಂಟರ್‌ಫೇಸನ್ನು ಬಳಸುತ್ತಾರೆ. ಹೋಲಿಸುವಾಗ ಆ ಭಾಷೆ ಬಲ್ಲವರು ಬರೆಯುವ ರೀತಿಯನ್ನೇ ತೆಗೆದುಕೊಳ್ಳಿ.

ಈಗ ಲ್ಯಾಪ್‌ಟಾಪ್ ತೆಗೆಯಿರಿ. ತಪ್ಪು ಎಲ್ಲಿ ಸಿಕ್ಕಿತು ಎಂಬ ಪಟ್ಟಿಯಲ್ಲಿ ಮೂರೇ ಕಾಲಂ ಇರಲಿ: ಕಂಪೈಲ್‌ನಲ್ಲೇ ಸಿಕ್ಕಿತು, ಓಡುವಾಗ ಸಿಕ್ಕಿತು, ಸಿಗಲೇ ಇಲ್ಲ. ಮೊದಲು ಸಿ++ನಲ್ಲಿ ಬೇಸಿನ ‘ವರ್ಚುಯಲ್’ ಪದ ಅಳಿಸಿ, ಮಗುವನ್ನು ತೋರಿಸುವ ಬೇಸ್ ಪಾಯಿಂಟರಿನಿಂದ ‘ಮೊತ್ತ’ ಕರೆಯಿರಿ. ಮಗುವಿನಲ್ಲಿ ‘ಓವರ್‌ರೈಡ್’ ಎಂದು ಬರೆದವರಿಗೆ ಗುರುತು ಮೊದಲ ಕಾಲಂನಲ್ಲಿ ಬೀಳುತ್ತದೆ, ಬರೆಯದವರಿಗೆ ಮೂರನೆಯದರಲ್ಲಿ.